ನಲವತ್ತು ಸೆಂಟಿಮೀಟರ್ ನೀರು

ಜುಲೈ 24

ಅಕ್ಕಾ,

ನಾನು ಬದುಕಿದ್ದೇನೆ. ಮೊದಲು ಇದಿಷ್ಟನ್ನು ಓದಿ ಒಂದು ಲೋಟ ನೀರು ಕುಡಿ. ಮುಂದಿನದನ್ನು ಕೂತುಕೊಂಡು ಓದು.

ಮೊನ್ನೆ ಬೆಳಿಗ್ಗೆ ಏಳೂವರೆಯ ಲಾಂಚು ಅಳಿವೆಯ ಮರಳುದಿಬ್ಬಕ್ಕೆ ಬಡಿದು ಮಗುಚಿತು. ಚುಕ್ಕಾಣಿ ನನ್ನ ಕೈಯಲ್ಲೇ ಇತ್ತು. ಅರವತ್ತನಾಲ್ಕು ಜನ ಇದ್ದರು. ಎಂಟು ವರ್ಷದಿಂದ ದಿನಕ್ಕೆ ನಾಲ್ಕು ಸಲ ದಾಟುವ ದಿಬ್ಬ ಅದು. ಅಂದು ತಳ ಮೊದಲು ಉಜ್ಜಿತು, ಆಮೇಲೆ ಲಾಂಚು ನಿಂತೇಬಿಟ್ಟಿತು. ಪಕ್ಕದಿಂದ ಒಂದು ಅಲೆ ಬಂದು ನಮ್ಮನ್ನು ಎತ್ತಿತು, ಎರಡನೆಯದು ಕುಕ್ಕಿತು, ಮೂರನೆಯದು ಬರುವಾಗ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ. ಕ್ಯಾಪ್ಟನ್ ಎಂಜಿನ್ ಕೋಣೆಯಲ್ಲಿ ಸಿಕ್ಕಿಕೊಂಡ. ಅವನ ಕೈ ಗಾಜಿಗೆ ಬಡಿಯುವುದು ನನಗೆ ಕಾಣುತ್ತಿತ್ತು. ನಿಂತದ್ದೂ ಕಂಡಿತು. ನೀರಿನಲ್ಲಿ ಒಂದು ಜಡೆ ಕೈಗೆ ಸಿಕ್ಕಿತು, ಹಿಡಿದು ಎಳೆದೆ. ಮೇಲೆ ತಂದು ನೋಡಿದರೆ ಚಪ್ಪಲಿ ಅಂಗಡಿಯವನ ಮಗಳು, ದಿನಾ ಆಚೆ ದಡಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದವಳು. ತಲೆಯ ಒಂದು ಬದಿ ಒಡೆದಿತ್ತು. ಆದರೂ ಜೆಟ್ಟಿಯವರೆಗೆ ಎಳೆದುಕೊಂಡೇ ಬಂದೆ, ಬಿಡಲು ಮನಸ್ಸಾಗಲಿಲ್ಲ. ಒಟ್ಟು ಹತ್ತೊಂಬತ್ತು ಹೆಣ ಸಿಕ್ಕಿವೆ.

ಜೆಟ್ಟಿ ಹತ್ತಿ ತಲೆ ಎತ್ತಿದರೆ ಕಂಬದ ತುದಿಯಲ್ಲಿ ಕಪ್ಪು ಚೆಂಡು ಇನ್ನೂ ನೇತಾಡುತ್ತಿತ್ತು. ಅಳತೆಕೋಲಿನಲ್ಲಿ ಎರಡು ಮೀಟರ್ ಇಪ್ಪತ್ತು ನೀರು ಕಂಡರೆ ಮಾತ್ರ ಕೋಲು ಓದುವ ನಮ್ಮ ಕೋಲುಮಾವ ಅದನ್ನು ಏರಿಸಬೇಕು. ಚೆಂಡು ಮೇಲಿದ್ದರೆ ದಿಬ್ಬ ದಾಟು, ಇಲ್ಲದಿದ್ದರೆ ಕಾಯಿ. ನಮಗೆ ಗೊತ್ತಿರುವ ಕಾನೂನು ಅದೊಂದೇ. ನೀರಿಲ್ಲದ ಹೊತ್ತಿನಲ್ಲಿ ಚೆಂಡು ಏರಿಸಿ ಆ ಮುದುಕ ಅದರ ಕೆಳಗೇ ಬಾಯಿ ತೆರೆದುಕೊಂಡು ನಿಂತಿದ್ದ.

ಆಳ ನೋಡುವ ಅಪ್ಪನ ಸೀಸದ ಗುಂಡನ್ನು ಅವನು ತನ್ನ ಗುಡಿಸಲ ಬಾಗಿಲಿಗೆ ಒತ್ತು ಕೊಟ್ಟು ಇಟ್ಟಿರುತ್ತಾನಲ್ಲ, ಅದನ್ನು ಹಗ್ಗದ ಸಮೇತ ಎತ್ತಿಕೊಂಡೆ. ಮೊದಲ ಏಟು ಕಣ್ಣಿಗೆ ಬಿತ್ತು. ಅವನು ಕುಸಿದ. ಎರಡನೆಯದು ದವಡೆಗೆ. ಅಲ್ಲಿಂದ ಮುಂದೆ ನನ್ನದೇನೂ ಇಲ್ಲ, ಜನ ನೋಡಿಕೊಂಡರು. "ಚೆಂಡು ಏರಿಸಿದ ಕೈ ಯಾವ್ದೋ?" ಎಂದು ಯಾರೋ ಕೇಳಿದರು. ಬಲಗೈಯನ್ನು ಜೆಟ್ಟಿಯ ಅಂಚಿಗಿಟ್ಟು ದೋಣಿಯ ಹುಟ್ಟಿನಿಂದ ಜಜ್ಜಿದರು. ಗುಡಿಸಲನ್ನು ಕಿತ್ತು, ಪುಸ್ತಕ, ಹಾಳೆ, ಗಡಿಯಾರ ಎಲ್ಲವನ್ನೂ ನೀರಿಗೆ ಎಸೆದರು.

ನಾನು ಹೊಡೆದದ್ದು ಎರಡೇ ಸಲ. ಪಶ್ಚಾತ್ತಾಪ ಇಲ್ಲ. ಇದ್ದಿದ್ದರೆ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ.

ನಿನ್ನ ತಮ್ಮ


ಜುಲೈ 29

ತಮ್ಮಾ,

ನೀರು ಕುಡಿದೆ. ಕೂತೇ ಓದಿದೆ.

ನೀನು ಬದುಕಿದೆಯಲ್ಲ ಎಂದು ಅಳು ಬರುತ್ತದೆ. ಅದು ಒರೆಸಿಕೊಳ್ಳುವಷ್ಟರಲ್ಲಿ ನಿನ್ನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸುತ್ತದೆ. ನಾಲ್ಕು ದಿನದಿಂದ ಈ ಎರಡರ ನಡುವೆಯೇ ಓಡಾಡುತ್ತಿದ್ದೇನೆ. ಸೊಂಟಕ್ಕೆ ಹಗ್ಗ ಕಟ್ಟಿ ನಿನಗೆ ಈಜು ಕಲಿಸಿದವರು ಯಾರೋ? ಅಪ್ಪ ಸತ್ತಾಗ ಹೆಗಲು ಕೊಟ್ಟವರು, ನಿನ್ನನ್ನು ಲಾಂಚಿನ ಕೆಲಸಕ್ಕೆ ಸೇರಿಸಿದವರು ಯಾರು? "ಆ ಮುದುಕ" ಎಂದು ಬರೆದಿದ್ದೀಯ. ನನ್ನ ಕಣ್ಣಿಗೆ ಆ ಎರಡು ಪದವೇ ಹೊಡೆಯುತ್ತಿದೆ.

ಅದೂ ಅಪ್ಪನ ಗುಂಡಿನಿಂದ. ಅದರ ತಳದ ಗುಳಿಗೆ ಕೊಬ್ಬು ಮೆತ್ತಿ ಅಪ್ಪ ನೀರಿಗೆ ಇಳಿಬಿಡುತ್ತಿದ್ದದ್ದು ನೆನಪಿದೆಯೇ? ಹಗ್ಗ ಆಳ ಹೇಳುತ್ತಿತ್ತು, ಕೊಬ್ಬಿಗೆ ಅಂಟಿಬಂದ ಮರಳೋ ಕೆಸರೋ ನೆಲ ಯಾವುದೆಂದು ಹೇಳುತ್ತಿತ್ತು. ಅಪ್ಪ ಅದನ್ನು ನಾಲಿಗೆಗೆ ತಾಗಿಸಿ, ಮಂಜಿನಲ್ಲೂ ದೋಣಿ ಎಲ್ಲಿದೆ ಎಂದು ಸರಿಯಾಗಿ ಹೇಳುತ್ತಿದ್ದ. ನಕ್ಷೆ ಇಲ್ಲದ ಕಾಲದಲ್ಲಿ ಲೋಕ ಸುತ್ತಿದವರೆಲ್ಲ ಇಂಥದ್ದೊಂದು ಗುಂಡನ್ನು ನಂಬಿಕೊಂಡೇ ದಡ ಸೇರಿದ್ದು. ನಮ್ಮ ಉಬ್ಬರವಿಳಿತದ ಕಚೇರಿಯ ಮೊಗಸಾಲೆಯಲ್ಲಿ ನಿಮ್ಮ ಅಳಿವೆಯ ನೂರೈವತ್ತು ವರ್ಷದ ಹಳೆಯ ನಕ್ಷೆ ತೂಗುಹಾಕಿದ್ದಾರೆ. ಅದನ್ನು ಬರೆದ ಕಪ್ತಾನ ಆ ದಿಬ್ಬದ ಮೇಲೆ ಹದಿನೇಳು ಕಡೆ ಗುಂಡು ಇಳಿಬಿಟ್ಟು ಆಳ ಗುರುತಿಸಿದ್ದಾನೆ. ಹದಿನೆಂಟನೆಯದಕ್ಕೆ ಮೊದಲೇ ಅವನ ಹಡಗು ಅಲ್ಲೇ ಒಡೆಯಿತು. ಆ ಜಾಗ ಇಂದಿಗೂ ಖಾಲಿ ಇದೆ, ನಾನು ದಿನಾ ಅದನ್ನು ದಾಟಿಕೊಂಡೇ ನನ್ನ ಮೇಜಿಗೆ ಹೋಗುತ್ತೇನೆ.

ತನಿಖೆಯವರಿಂದ ಕಾಗದ ಬಂದಿದೆ. ಮಾವ ಪ್ರತಿ ವಾರ ನಮಗೆ ಕಳಿಸುತ್ತಿದ್ದ ಅಳತೆಯ ಹಾಳೆಗಳನ್ನೂ ನಾವು ಲೆಕ್ಕ ಹಾಕಿ ಅಚ್ಚು ಹಾಕಿಸಿದ ಉಬ್ಬರವಿಳಿತದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಎರಡರ ವ್ಯತ್ಯಾಸ ತೋರಿಸುವ ಒಂದು ಗೆರೆ ಎಳೆದು ಕಳಿಸಬೇಕಂತೆ. ಆ ಬಂದರು ನನ್ನ ಮೇಜಿನದು, ಆದ್ದರಿಂದ ಕೆಲಸವೂ ನನ್ನದೇ.

ಮಾವ ಏನಾದರೂ ಹೇಳಿದರೇ, ಬೀಳುವ ಮೊದಲು? ಅತ್ತೆ ಹೇಗಿದ್ದಾರೆ? ನಿನ್ನ ಕಿವಿಗೆ ಉಪ್ಪುನೀರು ಹೋಗಿದ್ದರೆ ಡಾಕ್ಟರಿಗೆ ತೋರಿಸು, ಉದಾಸೀನ ಮಾಡಬೇಡ.

ಅಕ್ಕ


ಆಗಸ್ಟ್ 5

ಅಕ್ಕಾ,

ಕಿವಿ ಸರಿಯಾಗಿದೆ. ಸತ್ತವರು ಇಪ್ಪತ್ತೊಂದಾದರು.

ಇಲ್ಲಿ ನನ್ನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾರೆ. ಟೀ ಅಂಗಡಿಗೆ ಹೋದರೆ ಎದ್ದು ಜಾಗ ಬಿಡುತ್ತಾರೆ. ಚಪ್ಪಲಿ ಅಂಗಡಿಯವನು ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು, "ನನ್ ಮಗಳನ್ನ ನೀನು ಬಿಡ್ಲಿಲ್ವಲ್ಲಪ್ಪ, ಅಷ್ಟೇ ಸಾಕು ನಂಗೆ," ಎಂದ. ಹಿಡಿದ ಕೈ ಬಿಡಿಸಿಕೊಳ್ಳಲು ನನಗೇ ಆಗಲಿಲ್ಲ.

ಕೋಲುಮಾವನ ವಿಷಯ ಕೇಳಿದ್ದೀಯ. ಒಂದು ಕಣ್ಣು ತೆಗೆದರು. ದವಡೆಗೆ ತಂತಿ ಕಟ್ಟಿದ್ದಾರೆ, ನಳಿಕೆಯಲ್ಲಿ ಗಂಜಿ ಬಿಡುತ್ತಾರೆ. ಮಾತಿಲ್ಲ. ಬಲಗೈ ಮೂರು ಕಡೆ ಮುರಿದಿದೆ, ಬರೆಯಲೂ ಆಗುವುದಿಲ್ಲ. ವಾರ್ಡಿನ ಬಾಗಿಲಲ್ಲಿ ಪೊಲೀಸರಿದ್ದಾರೆ. ಮೊನ್ನೆ ನಾಲ್ಕು ಜನ ಸೀಮೆಎಣ್ಣೆ ಡಬ್ಬ ಹಿಡಿದು ಅವನ ಮನೆಗೆ ಹೋಗಿದ್ದರಂತೆ. ಹಿತ್ತಲ ಗೋಡೆ ಸುಟ್ಟಿದೆ. ಅತ್ತೆ ಬಾಗಿಲು ತೆಗೆಯುವುದಿಲ್ಲ.

ಏನಾದರೂ ಹೇಳಿದನೇ ಎಂದು ಕೇಳಿದ್ದೀಯ. ಇಲ್ಲ.

ತನಿಖೆಯವರು ಬಂದು ಜೆಟ್ಟಿಯ ಕಲ್ಲಿನ ಗುರುತಿನಿಂದ ಕೋಲನ್ನು ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂದರೆ ಕೋಲು ಸರಿ, ಓದಿದವನ ಕಣ್ಣೇ ತಪ್ಪು. ಇಪ್ಪತ್ತೊಂದು ಸಾವಿಗೆ ಹತ್ತು ವರ್ಷವಾದರೂ ಆಗುತ್ತದೆ ಎಂದು ವಕೀಲರು ಹೇಳುತ್ತಾರೆ. ವಿಚಾರಣೆ ಸೆಪ್ಟೆಂಬರ್ ಹದಿನಾಲ್ಕಕ್ಕೆ. ನಿನ್ನ ಗೆರೆ ಬೇಗ ಎಳೆದು ಕಳಿಸು, ಊರು ಅದಕ್ಕೇ ಕಾಯುತ್ತಿದೆ.

ತಮ್ಮ


ಆಗಸ್ಟ್ 16

ತಮ್ಮಾ,

ಗೆರೆ ಎಳೆದೆ. ಇದನ್ನು ಸಾವಧಾನವಾಗಿ ಓದು, ಲೆಕ್ಕ ಎಂದು ಹಾರಿಸಬೇಡ.

ಚಂದ್ರ, ಸೂರ್ಯ ಎಲ್ಲಿರುತ್ತಾರೆಂದು ಗೊತ್ತಿದ್ದರೆ ಒಂದು ಬಂದರಿನ ನೀರು ಯಾವ ಹೊತ್ತಿಗೆ ಎಷ್ಟೆಂದು ಮುಂದಿನ ವರ್ಷದ್ದನ್ನೂ ಈಗಲೇ ಹೇಳಬಹುದು. ಹಿಂದೆ ಅದಕ್ಕೊಂದು ಹಿತ್ತಾಳೆಯ ಯಂತ್ರವಿತ್ತು, ಚಂದ್ರನಿಗೊಂದು ಗಾಲಿ, ಸೂರ್ಯನಿಗೊಂದು ಗಾಲಿ. ಅದೀಗ ಗಾಜಿನ ಪೆಟ್ಟಿಗೆಯಲ್ಲಿದೆ, ನಾವು ಕಂಪ್ಯೂಟರಿನಲ್ಲಿ ಮಾಡುತ್ತೇವೆ. ಗಾಳಿಯೊಂದು ಮಾತ್ರ ಯಾವ ಗಾಲಿಗೂ ಸಿಗುವುದಿಲ್ಲ. ಕಡಲಿನಿಂದ ದಡಕ್ಕೆ ಬೀಸಿದರೆ ನೀರನ್ನು ತಳ್ಳಿಕೊಂಡು ಬಂದು ಏರಿಸುತ್ತದೆ. ಆದರೆ ಮೆಲ್ಲಗೆ ಏರಿಸುತ್ತದೆ, ಗಾಳಿ ಬಿದ್ದಾಗ ಮೆಲ್ಲಗೆ ಇಳಿಸುತ್ತದೆ.

ಜೂನ್ ಹನ್ನೊಂದರ ಬೆಳಿಗ್ಗೆವರೆಗೆ ಕೋಲಿನ ನೀರೂ ನನ್ನ ಪಟ್ಟಿಯ ನೀರೂ ಒಂದೇ. ಅಂದು ಸಂಜೆಯಿಂದ ಕೋಲು ನಲವತ್ತು ಸೆಂಟಿಮೀಟರ್ ಹೆಚ್ಚು ತೋರಿಸಿದೆ. ಉಬ್ಬರದಲ್ಲೂ ನಲವತ್ತು, ಇಳಿತದಲ್ಲೂ ನಲವತ್ತು, ಗಾಳಿ ಇದ್ದರೂ ಇಲ್ಲದಿದ್ದರೂ ನಲವತ್ತು. ಕಡಲು ಒಂದು ಮಧ್ಯಾಹ್ನದಲ್ಲಿ ಹಾಗೆ ಏರಿ ಆರು ವಾರ ಅಲ್ಲೇ ಕೂರುವುದಿಲ್ಲ. ಕೋಲು ಕೆಳಗಿಳಿದಿತ್ತು. ಲಾಂಚು ಮುಳುಗಿದ ದಿನ ಮಾವ ಓದಿದ್ದು ಎರಡು ಇಪ್ಪತ್ತೈದು. ಕಣ್ಣು ಸರಿಯಾಗಿಯೇ ಓದಿದೆ. ದಿಬ್ಬದ ಮೇಲಿದ್ದ ನೀರು ಮಾತ್ರ ಒಂದು ಎಂಬತ್ತೈದು.

ಇನ್ನೊಂದಿದೆ. ಜುಲೈ 23ರಿಂದ ಟಿಕೆಟ್ ಕಿಟಕಿಯವನು ಓದಿ ಕಳಿಸಿದ ಹಾಳೆಗಳಲ್ಲಿ ಆ ನಲವತ್ತು ಮಾಯವಾಗಿದೆ. ಏರಿದ ಹಾಗೆಯೇ ಒಂದೇ ಏಟಿಗೆ ಇಳಿದಿದೆ. ಅಂದರೆ ಯಾರೋ ಕೋಲನ್ನು ತಪ್ಪಾಗಿ ಕೂರಿಸಿದರು, ಮತ್ತು ದುರಂತದ ಮಾರನೆಯ ದಿನ ಯಾರೋ ಸುಮ್ಮನೆ ಸರಿಮಾಡಿದರು. ಸರಿಮಾಡಿದವನಿಗೆ ಎಲ್ಲವೂ ಗೊತ್ತು.

ಇನ್ನು ನನ್ನ ಪಾಲು. ಮಾವ ಜೂನ್ ಹತ್ತರಿಂದ ಹದಿಮೂರರವರೆಗೆ ರಜೆಯಲ್ಲಿದ್ದರು, ಆಗಲೂ ಕೋಲು ಓದಿದವನು ಟಿಕೆಟ್ ಕಿಟಕಿಯವನೇ. ಬಂದವರೇ ಹದಿನಾಲ್ಕರ ಹಾಳೆಯ ಷರಾ ಕಾಲಂನಲ್ಲಿ ಬರೆದಿದ್ದಾರೆ: "ನಾನು ರಜೆಯಲ್ಲಿದ್ದಾಗ ಕಡಲು ಚೆನ್ನಾಗಿ ಉಂಡಿದೆ, ಮೊಳದಷ್ಟು ಬೆಳೆದಿದೆ. ಇಲ್ಲವೇ ಕೋಲು ಜಾರಿದೆ. ಯಾರನ್ನಾದರೂ ಕಳಿಸಿ ಅಳೆಸಿರಿ." ಅವರ ಷರಾ ನಿನಗೆ ಗೊತ್ತಲ್ಲ, ಮೂವತ್ತು ವರ್ಷದಿಂದ ಅಲ್ಲಿ ತಮಾಷೆ ಬರೆಯುತ್ತಲೇ ಬಂದಿದ್ದಾರೆ. "ಇಂದು ನೀರಿಗೂ ನನಗೂ ಕೆಲಸ ಮಾಡಲು ಬೇಸರ" ಎಂದೊಮ್ಮೆ ಬರೆದಿದ್ದರು. ನಾವು ಆರೂ ಜನ ಸೋಮವಾರ ಆ ಕಾಲಂ ಓದಿ ನಗುವುದು ವಾಡಿಕೆ. ಇದನ್ನೂ ಗಟ್ಟಿಯಾಗಿ ಓದಿ ನಕ್ಕೆವು. ಆಮೇಲೆ ಜೂನ್ 27ರಂದು ನಾನೇ ಸಹಿ ಹಾಕಿ ಉತ್ತರ ಕಳಿಸಿದೆ: "ಹೆಚ್ಚುವರಿ ನೀರು ಋತುಮಾನದ ಗಾಳಿಯದು. ಕೋಲಿನ ಅಳತೆಯಂತೆಯೇ ನಡೆಯತಕ್ಕದ್ದು."

ಮಾವನ ಹತ್ತಿರವಿದ್ದ ಆ ಕಾಗದ ಗುಡಿಸಲಿನ ಜೊತೆ ನೀರು ಪಾಲಾಯಿತು. ಪ್ರತಿ ನನ್ನ ಕಡತದಲ್ಲಿದೆ. ಎರಡು ದಿನ ಆ ಕಡತವನ್ನು ಮನೆಗೆ ತಂದು ಒಲೆಯ ಪಕ್ಕ ಇಟ್ಟುಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ಇಟ್ಟುಕೊಂಡಿದ್ದೆ.

ನೀನು ದಿನವಿಡೀ ಜೆಟ್ಟಿಯಲ್ಲಿರುವವನು. ಜೂನ್ ಹನ್ನೊಂದರಂದು ಕೋಲು ಮುಟ್ಟಿದವರು ಯಾರೆಂದು ವಿಚಾರಿಸಿ ಬರೆ. ಮಾವನ ಹತ್ತು ವರ್ಷ ಆ ಒಂದು ಹೆಸರಿನ ಮೇಲೆ ನಿಂತಿದೆ.

ಅಕ್ಕ


ಸೆಪ್ಟೆಂಬರ್ 2

ತಮ್ಮಾ,

ಹದಿನೇಳು ದಿನವಾಯಿತು. ಟಪಾಲಿನವನನ್ನು ಎರಡು ಸಲ ಬೈದೆ, ಪಾಪ.

ಇವತ್ತು ರಜೆ. ನಿನ್ನ ಹಳೆಯ ಕಾಗದಗಳ ಡಬ್ಬ ತೆಗೆದೆ. ಜೂನ್ 12ರದ್ದು ಮೇಲೆಯೇ ಇತ್ತು. ಅಂದು ನಕ್ಕು ಒಳಗಿಟ್ಟಿದ್ದು ಇದೇ ಕಾಗದವೇ ಎಂದು ಎರಡು ಸಲ ತಾರೀಕು ನೋಡಿದೆ. "ನಿನ್ನೆ ಮರಳಿನ ದೋಣಿಯೊಂದು ಹಿಂದೆ ಬರುವಾಗ ಮಾವನ ಕೋಲಿಗೆ ಗುದ್ದಿ ಬೋಲ್ಟು ಹಾರಿಸಿತು. ಮುದುಕ ಊರಲ್ಲಿಲ್ಲ. ಒಬ್ಬನೇ ಎತ್ತಿ ಹಿಡಿದು ಹೊಸ ಬೋಲ್ಟು ಬಿಗಿದೆ ನೋಡು, ಬಂದರಿನಲ್ಲಿ ಯಾರಿಗೂ ಗೊತ್ತೇ ಇಲ್ಲ. ಮಾವ ಬಂದ ಮೇಲೆ ಇದಕ್ಕೊಂದು ಊಟ ಕೊಡಿಸಲಿ."

ಕೋಲಿನಲ್ಲಿ ಸಾಲಾಗಿ ತೂತುಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಎಂದು ನಿನ್ನನ್ನು ಕೇಳುವುದಿಲ್ಲ. ಕೋಲಿನ ನಕಾಶೆ ನನ್ನ ಮುಂದಿದೆ. ನಲವತ್ತು.

ಮಾರನೆಯ ದಿನ ಸರಿಮಾಡಿದವನು ಯಾರೆಂದೂ ಕೇಳುವುದಿಲ್ಲ. ಬರೆ, ಏನಾದರೂ ಬರೆ.

ಅಕ್ಕ


ಸೆಪ್ಟೆಂಬರ್ 5

ಸುಡು ಅದನ್ನು.

ಈ ಕಾಗದ ಮುಟ್ಟಿದ ಕ್ಷಣ ಜೂನಿನ ಕಾಗದವನ್ನು ಒಲೆಗೆ ಹಾಕು, ಮಾವನ ಷರಾ ಹಾಳೆಯನ್ನೂ ಹಾಕು, ನಿನ್ನ ಸಹಿಯ ಪ್ರತಿಯನ್ನೂ ಹಾಕು. ನಿನ್ನ ಕೆಲಸವೂ ಉಳಿಯುತ್ತದೆ, ನನ್ನ ಕುತ್ತಿಗೆಯೂ ಉಳಿಯುತ್ತದೆ. ಮಾವ ಎಷ್ಟಾದರೂ ಅರವತ್ತಾರರವನು.

ನೋಡು, ಬರೆದುಬಿಟ್ಟೆ. ಆ ಸಾಲನ್ನು ಗೀಟೆಳೆದು ಹೊಡೆದು ಹಾಕಿದರೂ ನಿನಗೆ ಕಾಣುತ್ತದೆ, ಇರಲಿ.

ಬಸ್ಸಿನಿಂದ ಇಳಿದು ಆ ಕಡತ ಹಿಡಿದುಕೊಂಡು ಜೆಟ್ಟಿಯ ಕಡೆ ಬಂದರೆ ನೀನು ಅಕ್ಕ ಎಂದು ನಾನು ನೋಡುವುದಿಲ್ಲ. ಅಪ್ಪನ ಗುಂಡು ಈಗ ನನ್ನ ಮಂಚದ ಕೆಳಗಿದೆ. ತೊಳೆದರೂ ಹಗ್ಗದ ಕಲೆ ಹೋಗಿಲ್ಲ. ಇವರು ಏನು ಮಾಡುತ್ತಾರೆಂದು ನಿನಗೆ ಗೊತ್ತಿಲ್ಲ ಅಕ್ಕಾ, ನನಗೆ ಗೊತ್ತು, ನಾನೇ ಕಲಿಸಿದವನು. ಆ ಕೈ ಜಜ್ಜುವಾಗ ಬಂದ ಸದ್ದು ಊಟಕ್ಕೆ ಕೂತಾಗಲೂ ಕೇಳುತ್ತದೆ. ಅದೇ ಹುಟ್ಟನ್ನು ನನ್ನ ಮೇಲೆ ಎತ್ತುತ್ತಾರೆ.

ನೀನು ಕೇಳಿದ್ದೆಯಲ್ಲ, ಏನಾದರೂ ಹೇಳಿದರೇ ಎಂದು. ಹೇಳಿದ. ಮೊದಲ ಏಟಿಗೆ ಬಿದ್ದವನು ರಕ್ತದ ಕಣ್ಣು ಮುಚ್ಚಿಕೊಂಡು, "ಕೋಲು ನೋಡೋ ಮಗಾ, ಕೋಲು ನೋಡು," ಎಂದ. ನೋಡಿದೆ. ಕೋಲಿನ ತಲೆ ಯಾವಾಗಲೂ ಜೆಟ್ಟಿಯ ಕಂಬಿಗಿಂತ ಮೇಲಿರುತ್ತಿತ್ತು. ಅಂದು ಕಂಬಿಗೆ ಸಮವಾಗಿತ್ತು. ಕೋಲು ಹಿಡಿದಿಡುವ ಕಬ್ಬಿಣದ ಪಟ್ಟಿಯಲ್ಲಿ ನನ್ನ ಹೊಸ ಬೋಲ್ಟು ಹೊಳೆಯುತ್ತಿತ್ತು. ಕೆಂಪು ಬಳೆ ಬರೆದ ತೂತಿಗೆ ಹಾಕಬೇಕಾದದ್ದನ್ನು ಅದರ ಮೇಲಿನ ತೂತಿಗೆ ಹಾಕಿದ್ದೆ. ಒಂದೇ ಕ್ಷಣಕ್ಕೆ ಎಲ್ಲ ಗೊತ್ತಾಯಿತು. ಅವನು ಇನ್ನೊಮ್ಮೆ "ಕೋಲು" ಎನ್ನಲು ಬಾಯಿ ತೆರೆದ. ಹಿಂದೆ ಜನ ಓಡಿಬರುತ್ತಿದ್ದರು.

ಎರಡನೆಯ ಏಟು ಅದಕ್ಕೆ.

ಆ ಬೆಳಿಗ್ಗೆ ಅವನು ಚೆಂಡು ಏರಿಸಲು ಹಿಂದುಮುಂದು ನೋಡುತ್ತಿದ್ದ. "ನೀರು ಸಾಲದು ಅನ್ಸುತ್ತೆ ಕಣೋ," ಎಂದ. ನಾನೇ ಚುಕ್ಕಾಣಿ ಕೋಣೆಯಿಂದ ಕೂಗಿದೆ, "ಕೋಲು ಏನ್ ಹೇಳತ್ತೆ ಅದನ್ನ ಹೇಳು ಮಾವ, ನಿನ್ ಅನಿಸಿಕೆ ಮನೇಲಿ ಇಟ್ಕೋ." ಅವನು ನಕ್ಕು ಏರಿಸಿದ.

ಸುಡು ಅಕ್ಕಾ. ಕಾಲಿಗೆ ಬೀಳುತ್ತೇನೆ.


ಸೆಪ್ಟೆಂಬರ್ 8

ತಮ್ಮಾ,

ನಿನ್ನ ಕಾಗದ ಬರುವ ಹಿಂದಿನ ದಿನವೇ ಮೂರು ಹಾಳೆ ರಿಜಿಸ್ಟರ್ ಟಪಾಲಿನಲ್ಲಿ ತನಿಖೆಯವರಿಗೆ ಹೋಗಿವೆ. ಗೆರೆ, ಮಾವನ ಷರಾ, ನನ್ನ ಸಹಿಯ ಪ್ರತಿ. ನಗುತ್ತಾ ಓದಿದೆವು ಎಂಬುದನ್ನೂ ಬರೆದು ಕೆಳಗೆ ಸಹಿ ಹಾಕಿದ್ದೇನೆ. ಕಚೇರಿಗೂ ಅದನ್ನೇ ಹೇಳಿದೆ, ಕೆಲಸದಿಂದ ನಿಲ್ಲಿಸಿದ್ದಾರೆ. ಹದಿನಾಲ್ಕರಂದು ಇಲ್ಲಿಯ ಕಚೇರಿಯಲ್ಲಿ ನನ್ನ ಹೇಳಿಕೆ ಪಡೆಯುತ್ತಾರೆ, ತನಿಖೆ ಮುಗಿಯುವವರೆಗೆ ಊರು ಬಿಡುವಂತಿಲ್ಲ. ಹಾಗಾಗಿ ನಾನು ಬಸ್ಸಿನಿಂದ ಇಳಿಯುವುದಿಲ್ಲ. ಗುಂಡು ಮಂಚದ ಕೆಳಗೇ ಇರಲಿ.

ಕೋಲು ಕೆಳಗಿಳಿದಿತ್ತು ಎಂಬುದಷ್ಟೇ ನನ್ನ ಹಾಳೆಗಳಿಂದ ಗೊತ್ತಾಗುತ್ತದೆ. ಇಳಿಸಿದವರು ಯಾರೆಂದು ಅದರಲ್ಲಿಲ್ಲ. ಮಾವನೇ ರಜೆ ಹಾಕಿ ಯಾರ ಕೈಯಿಂದಲೋ ಇಳಿಸಿದರು, ತಮ್ಮ ತಪ್ಪು ಮುಚ್ಚಲು ಷರಾ ಬರೆದರು ಎಂದು ವಕೀಲ ಹೇಳಬಹುದು. ಬಾಯಿಗೆ ತಂತಿ ಕಟ್ಟಿಸಿಕೊಂಡವರು ಅಲ್ಲ ಎನ್ನಲಾರರು.

ಜೂನಿನ ಕಾಗದ ಇದರ ಜೊತೆಗಿದೆ. ಪ್ರತಿ ಇಟ್ಟುಕೊಂಡಿಲ್ಲ. ಕಳಿಸಬಾರದು, ನೀನು ಸುಡುತ್ತೀಯ ಎಂದು ಒಂದು ಮನಸ್ಸು ಹೇಳಿತು. ಆದರೆ ನಿನ್ನನ್ನು ನಾನು ಹಿಡಿದುಕೊಟ್ಟರೆ ಮಾವ ಬಿಡುಗಡೆಯಾಗುತ್ತಾರೆ, ನೀನು ಆಗುವುದಿಲ್ಲ. ಆ ಎರಡನೆಯ ಏಟು ನಿನ್ನೊಳಗೇ ಉಳಿದುಬಿಡುತ್ತದೆ.

ನನಗೆ ಭಯವಾಗಿದೆ. ನಿನ್ನ ಕೈ ಮುರಿಯುತ್ತಾರೆ, ಕಣ್ಣು ಕೀಳುತ್ತಾರೆ ಎಂದು ಕೂತಲ್ಲಿ ಕೂರಲಾಗದೆ ಮನೆಯೆಲ್ಲ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಬೆದರಿಕೆ ಹಾಕಿದ್ದಕ್ಕೆ ಸಿಟ್ಟಿಲ್ಲ. ಚಿಕ್ಕಂದಿನಲ್ಲೂ ನೀನು ಅಳುವ ಮೊದಲು ಕಚ್ಚುತ್ತಿದ್ದೆ.

ಹದಿನಾಲ್ಕು, ಹನ್ನೊಂದು ಗಂಟೆ. ಆ ಹೊತ್ತಿಗೆ ಇಲ್ಲಿ ನಾನು ಮಾತಾಡುತ್ತಿರುತ್ತೇನೆ.

ಅಕ್ಕ


ಅಕ್ಟೋಬರ್ 3

ಮಗಳೇ,

ಇದು ಎಡಗೈ ಬರಹ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಅಕ್ಷರ ಏಡಿ ಓಡಾಡಿದ ಹಾಗಿದೆ ಎಂದು ನಿನ್ನತ್ತೆ ನಗುತ್ತಾಳೆ. ಈ ಮನೆಯಲ್ಲಿ ಯಾರಾದರೂ ನಕ್ಕು ಎರಡು ತಿಂಗಳಾಗಿತ್ತು, ನಗಲಿ ಎಂದು ಬಿಟ್ಟಿದ್ದೇನೆ.

ನಿನ್ನ ತಮ್ಮ ಬದುಕಿದ್ದಾನೆ. ಆಸ್ಪತ್ರೆಯಿಂದ ನಿನಗೆ ಟೆಲಿಗ್ರಾಂ ಬಂದಿರುತ್ತದೆ, ಆದರೆ ನಡೆದದ್ದನ್ನು ಯಾರೂ ಬರೆದಿರಲಾರರು. ಈ ತಿಂಗಳ ಕೊನೆಗೆ ನಿನಗೆ ಊರು ಬಿಡಲು ಅನುಮತಿ ಸಿಗುತ್ತದಂತೆ. ನೀನು ಬರುವ ಮೊದಲು ಇದು ನಿನ್ನ ಕೈ ಸೇರಬೇಕು.

ವಿಚಾರಣೆ ಬಂದರು ಕಚೇರಿಯ ದೊಡ್ಡ ಕೋಣೆಯಲ್ಲಿ ನಡೆಯಿತು. ದವಡೆಯ ತಂತಿ ಬಿಚ್ಚಿ ಮೂರು ದಿನವಾಗಿತ್ತು, ಪೊಲೀಸರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದ್ದರು. ಸತ್ತವರ ಮನೆಯವರೆಲ್ಲ ಬೆಂಚು ತುಂಬಿದ್ದರು. ನಿನ್ನ ತಮ್ಮನನ್ನು ಸಾಕ್ಷಿಯೆಂದು ಕರೆದಾಗ ಎಲ್ಲರೂ ದಾರಿಬಿಟ್ಟರು, ಒಬ್ಬ ಅವನ ಬೆನ್ನು ತಟ್ಟಿದ. ಅವನು ಜೇಬಿನಿಂದ ಕಾಗದ ತೆಗೆದ. ಒದ್ದೆಯಾಗಿತ್ತು, ಬೆವರಿಗೆ ಇರಬೇಕು. ಓದಿದ. "ಬಂದರಿನಲ್ಲಿ ಯಾರಿಗೂ ಗೊತ್ತೇ ಇಲ್ಲ" ಎಂಬಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದ. ಓದಿ ಮುಗಿಸಿ, "ಮೊದಲನೇ ಏಟು ಸಿಟ್ಟಿಗೆ ಹೊಡ್ದೆ. ಎರಡನೇದು ನನ್ ಬೋಲ್ಟು ನೋಡಿದ್ ಮೇಲೆ ಹೊಡ್ದೆ. ಮಾವ ಮಾತಾಡ್ಬಾರ್ದು ಅಂತ," ಎಂದ.

ಎಂದಾದರೂ ಅವನು ಇದನ್ನು ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಅಂದು ಜೆಟ್ಟಿಯಲ್ಲಿ ಅವನು ಕೋಲನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಗುಂಡು ಮತ್ತೆ ಮೇಲೇಳುವ ಮೊದಲೇ ನನಗೆ ಗೊತ್ತಾಗಿತ್ತು, ಕೋಲು ಇಳಿಸಿದವನು ಇವನೇ ಎಂದು. ಐವತ್ತನಾಲ್ಕು ದಿನ ಆಸ್ಪತ್ರೆಯ ಮಾಡು ನೋಡುತ್ತಾ, ಇವನಿಗೂ ಹೀಗೇ ಆಗಲಿ ಎಂದು ಬಯಸಿದ್ದೇನೆ ಮಗಳೇ. ನಿನ್ನಿಂದ ಮುಚ್ಚಿಡುವುದಿಲ್ಲ.

ಪೊಲೀಸರು ಅವನನ್ನು ಮೆಟ್ಟಿಲು ಇಳಿಸುವಾಗ ಜನ ಕಿತ್ತುಕೊಂಡರು. ಮೊದಲು ಕೈ ಹಾಕಿದವನು ಚಪ್ಪಲಿ ಅಂಗಡಿಯವನು. ಕೈಯಲ್ಲಿ ಏನೂ ಇರಲಿಲ್ಲ, ಬರಿಗೈಯಲ್ಲೇ ಮುಖಕ್ಕೆ ಹೊಡೆಯುತ್ತಿದ್ದ, ಹೊಡೆಯುತ್ತಾ ಅಳುತ್ತಿದ್ದ. ಆಮೇಲೆ ದೊಣ್ಣೆ, ಕಲ್ಲು, ಅದೇ ಹುಟ್ಟು. ಜೆಟ್ಟಿಯವರೆಗೆ ಕೂದಲು ಹಿಡಿದು ಎಳೆದುಕೊಂಡು ಹೋದರು. ಅವನು ಕೈ ಅಡ್ಡ ಇಡಲಿಲ್ಲ. ನಾನೂ ಹಿಂದೆಯೇ ಹೋದೆ, ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನನ್ನ ಕಂಬದ ಕೆಳಗೆ ನಿಂತುಕೊಂಡೆ.

ಎಣಿಸುವುದು ನನ್ನ ಚಾಳಿ. ಅಲೆ ಎಣಿಸುತ್ತೇನೆ, ಮೆಟ್ಟಿಲು ಎಣಿಸುತ್ತೇನೆ. ಅಂದು ಸೆಕೆಂಡುಗಳನ್ನು ಎಣಿಸತೊಡಗಿದೆ. ಇಪ್ಪತ್ತರ ಹೊತ್ತಿಗೆ ಅವನು ಜನರ ಕಾಲಿನ ನಡುವಿನಿಂದ ನನ್ನನ್ನು ನೋಡಿದ. ಬಾಯಿ ತೆರೆದರೆ ನನಗೆ ಸ್ವರವಿತ್ತು. ತೆರೆಯಲಿಲ್ಲ. ತೊಂಬತ್ತಕ್ಕೆ ಅವನ ಮೂಗು ಕಾಣಿಸಲಿಲ್ಲ. ನೂರ ಎಂಬತ್ತಕ್ಕೆ ಅವನನ್ನು ಅಂಚಿನಿಂದ ಕೆಳಗೆ ತಳ್ಳಿದರು. ಉಬ್ಬರ ಬರುತ್ತಿತ್ತು, ಕಟ್ಟಿಹಾಕಿದ ಮರಳಿನ ದೋಣಿ ತೂಗುತ್ತಿತ್ತು. ದೋಣಿಗೂ ಜೆಟ್ಟಿಗೂ ನಡುವೆ ಅವನ ಎಡಗಾಲು ಸಿಕ್ಕಿತು. ದೋಣಿ ದೂರ ಸರಿಯುತ್ತಿತ್ತು, ಮತ್ತೆ ಬಂದು ಒತ್ತುತ್ತಿತ್ತು. ನಾನು ಆಗಲೂ ಎಣಿಸುತ್ತಲೇ ಇದ್ದೆ. ಇನ್ನೂರ ನಲವತ್ತಕ್ಕೆ, "ಸಾಕು," ಎಂದೆ. ಈ ದವಡೆಯಲ್ಲಿ ಅದು ಮಾತಾಗಿಯೂ ಬರಲಿಲ್ಲ, ನಾಯಿ ಗೊಣಗಿದಂತೆ ಬಂತು. ಆದರೆ ನನ್ನ ಮುಖ ನೋಡಿ ಅವರು ನಿಂತರು. ತಳ್ಳಿದವರೇ ಇಳಿದು ಮೇಲೆತ್ತಿದರು.

ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಮುಖ ಊದಿದ್ದು ಇಳಿದಿದೆ, ಹಲ್ಲು ಆರು ಹೋಗಿವೆ. ಗುಣವಾದ ಮೇಲೆ ಮೊಕದ್ದಮೆ ಇದೆ, ಜೈಲೂ ಇದೆ, ಅದನ್ನು ಬಲ್ಲ. ಈಗ ಅವನು ನಾನು ಮಲಗಿದ್ದ ವಾರ್ಡಿನಲ್ಲೇ ಇದ್ದಾನೆ. ನಿನ್ನತ್ತೆ ಬೇಡ ಬೇಡವೆನ್ನುತ್ತಲೇ ಗಂಜಿ ಕಟ್ಟಿಕೊಡುತ್ತಾಳೆ, ನಾನು ಒಯ್ಯುತ್ತೇನೆ. ಮೊದಲ ಮೂರು ದಿನ ಗೋಡೆಗೆ ಮುಖ ಮಾಡಿಕೊಂಡಿದ್ದ. ನಾಲ್ಕನೆಯ ದಿನ, "ಮಾವ, ಇವತ್ತು ನೀರು ಎಷ್ಟಿದೆ?" ಎಂದು ಕೇಳಿದ. "ಎರಡು ಮೂವತ್ತು," ಎಂದೆ. ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ.

ನನ್ನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಈ ವಾರದ ಹಾಳೆಯನ್ನು ಇದರ ಜೊತೆಗಿಟ್ಟಿದ್ದೇನೆ, ನಿನ್ನ ಮೇಜಿನಲ್ಲಿ ಈಗ ಯಾರಿದ್ದಾರೋ ನನಗೆ ಗೊತ್ತಿಲ್ಲ. ಅಂಕಿಗಳು ಸರಿ ಇವೆ, ನೋಡುವ ಅಗತ್ಯವಿಲ್ಲ. ಷರಾ ಕಾಲಂ ಮಾತ್ರ ಓದು. "ಇಪ್ಪತ್ತಕ್ಕೆ ಕೂಗಿದ್ದರೆ ಕಾಲು ಉಳಿಯುತ್ತಿತ್ತು. ಇನ್ನೂರ ನಲವತ್ತಕ್ಕೆ ಕೂಗಿದೆ," ಎಂದು ಬರೆದಿದ್ದೇನೆ. ಅವನಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯವಿಲ್ಲ. ಯಾರಾದರೊಬ್ಬರಿಗೆ ಗೊತ್ತಿರಲಿ ಎಂದು ನಿನಗೆ ಕಳಿಸಿದ್ದೇನೆ.

ಈ ಸಲ ನಗಬೇಡ ಮಗಳೇ.

ಕೋಲುಮಾವ